ಸೈಕಲ್ಲಿನ ರೈಲು ಪಯಣ

ನಮ್ಮ ಸೋದರಳಿಯನು ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ಸವಾರಿಯನ್ನು ಸಂಕಲ್ಪಿಸಿದಾಗ, ಸೈಕಲ್ಲನ್ನು ಹುಬ್ಬಳ್ಳಿಯಿಂದ ದಿಲ್ಲಿಗೆ ರೈಲು ಪಾರ್ಸೆಲ್ಲಿನಲ್ಲಿ ಮುಂಚಿತವಾಗಿ ಕಳಿಸಲು ನಾವೂ ನೆರವಾದೆವು. ಎಡ ಪೆಡಲಿನ ತಿರುಪು ವಿಲೋಮವಾದುದು, ಬಲಕ್ಕೆ ತಿರುಗಿಸಿದರೇ ಬಿಚ್ಚುವುದು. ಇದನ್ನರಿಯದೆ ಅರ್ಧ ತಾಸು ಹೆಣಗಿದೆವು. ವ್ಯಾಕರಣ ಬಲ್ಲ ಕೈಗೆ ಪಾನಾ ಒಲಿಯದು!

ಮುಂಗಾಲಿಯನ್ನು ಬಿಚ್ಚಿ ಪಕ್ಕಕ್ಕೆ ಕಟ್ಟಿದೆವಾದರೂ, ಬರಿದಾದ ಫೋರ್ಕಿನ ತುದಿಗಳ ನಡುವೆ ಕಟ್ಟಿಗೆಯ ತುಂಡೊಂದನ್ನು ಸಿಕ್ಕಿಸಲು ಮರೆತೆವು. ಮೇಲೆ ಬಿದ್ದ ಭಾರಕ್ಕೆ ಅದು ಒಳಬಾಗಿತ್ತು. ದಿಲ್ಲಿಯಲ್ಲಿ ಗಾಲಿ ಕೂಡಲಿಲ್ಲ. ನೆಟ್ಟಗೆ ಮಾಡಿಸಿದರೆ ಸಾಕೆಂದನು ಅಳಿಯ. ದೂರವಾಣಿಯಲ್ಲಿಯೇ ಹಟ ಹಿಡಿದು ಹೊಸದನ್ನು ಹಾಕಿಸಿದೆವು. 5,300 ಮೀಟರಿಗೂ ಎತ್ತರದ ತಗ್ಲಾಂಗ್ ಲಾ ಘಟ್ಟದ ಇಳಿಜಾರಿನಲ್ಲಿ ಅದು ಮುರಿದರೆ ಗತಿಯೇನು?

ಮರಳಿ ಕಳಿಸುವಾಗ ಆತನು ಮೊದಲು ಹುಡುಕಿದುದು ಕಟ್ಟಿಗೆಯ ತುಂಡನ್ನೇ.