ಪ್ರಶ್ನೆ ಕೇಳೋರು ಯಾರು, ಫಾರಂ ತುಂಬೋರು ಯಾರು?

ಹಾಸ್ಟೆಲ್ ಗೆಳೆಯರೇ,

ಡಿಗ್ರಿ ಓದುವಾಗಲೇ ಸಂಶೋಧನೆ ಮಾಡಬೇಕಂತೆ. ಯೂನಿವರ್ಸಿಟಿಗಳು ಇದನ್ನು ಹೊಸ ಮಂತ್ರದ ಹಾಗೆ ಜಪಿಸುತ್ತಿವೆ. ಹೊಸದೇನಲ್ಲ ಬಿಡಿ, ಅಮೆರಿಕದ ಎಂಐಟಿಯಲ್ಲಿ 1969ರಿಂದಲೂ ಡಿಗ್ರಿ ಹುಡುಗರು ಪ್ರೊಫೆಸರುಗಳ ಜೊತೆ ಸಂಶೋಧನೆಗೆ ಕೂರುತ್ತಾರೆ. ಇಲ್ಲಿ? 2022ರಲ್ಲಿ ಯುಜಿಸಿ ಹೇಳಿತು: ಆರು ಸೆಮಿಸ್ಟರಿನಲ್ಲಿ ಶೇಕಡಾ 75 ತೆಗೆದವರಿಗೆ ಮಾತ್ರ ನಾಲ್ಕನೇ ವರ್ಷ ಸಂಶೋಧನೆ. ರಾತ್ರಿಯೆಲ್ಲಾ ಗೋಡೌನಿನಲ್ಲಿ ಲೋಡ್ ಎತ್ತಿ ಶೇಕಡಾ 58 ತೆಗೆದವನ ತಲೆಯಲ್ಲಿ ಪ್ರಶ್ನೆ ಹುಟ್ಟೋದಿಲ್ಲವೇನ್ರೀ?

ಆ ನಾಲ್ಕು ವರ್ಷದ ಡಿಗ್ರಿ ನಮ್ಮ ರಾಜ್ಯಕ್ಕೆ 2021ರಲ್ಲಿ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷ ಅಂತು. ಅದಕ್ಕೆ ನಾನು ಅಳೋದಿಲ್ಲ. ದುಡಿಯೋ ಕೈಯನ್ನು ಇನ್ನೊಂದು ವರ್ಷ ಬಿಟ್ಟುಕೊಡೋ ತಾಕತ್ತು ನಮ್ಮ ಅವ್ವಂದಿರಿಗಿಲ್ಲ. ಆದರೆ ಮೂರು ವರ್ಷದೊಳಗೇ ಆ ಬಾಗಿಲು ಯಾಕೆ ತೆಗೀಬಾರದು?

ಅರಿಶಿನಕುಂಟೆಯಲ್ಲಿ ಬಸ್ ಹತ್ತಿದರೆ ತುಮಕೂರು ರಸ್ತೆ ನೇರ ಯಶವಂತಪುರಕ್ಕೆ. ಅದರ ಪಕ್ಕದಲ್ಲೇ ಟಾಟಾ ಇನ್‌ಸ್ಟಿಟ್ಯೂಟ್. ಅದು ಹುಟ್ಟಿದ್ದು 1909ರಲ್ಲಿ, ಪಿಯುಸಿ ಮುಗಿಸಿದವರಿಗೆ ಅಲ್ಲಿ ವಿಜ್ಞಾನದ ಡಿಗ್ರಿ ಶುರುವಾದದ್ದು 2011ರಲ್ಲಿ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪೂ ಉಂಟು, ಎರಡು ತಿಂಗಳು, ದುಡ್ಡೂ ಕೊಡ್ತಾರೆ, ಸುಳ್ಳು ಹೇಳಬಾರದು. ಆದರೆ ಅರ್ಜಿಗೆ ಮೇಷ್ಟ್ರ ಶಿಫಾರಸು ಬೇಕು. ನಿನ್ನ ಹೆಸರು ಗೊತ್ತಿರೋ ಮೇಷ್ಟ್ರು ಯಾರು? ಮುಂದಿನ ವರ್ಷ ಕೆಲಸ ಇರ್ತದೋ ಇಲ್ಲವೋ ಅಂತ ಕೂತಿರೋ ಗೆಸ್ಟ್ ಲೆಕ್ಚರರು!

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ಪಿನಿಂದ, ತಿಂಗಳಿಗೆ ಹನ್ನೊಂದೂವರೆ ಪೌಂಡು. 1916ರ ಮೇ ತಿಂಗಳಲ್ಲಿ, 25ರ ಹರೆಯದಲ್ಲಿ, ಅಲ್ಲಿನ ಸೆಮಿನಾರಿನಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ದುಡ್ಡು ಸಂಸ್ಥಾನದ್ದು, ಪ್ರಶ್ನೆ ಅವರದು. ನಮ್ಮಲ್ಲಿ ಉಲ್ಟಾ. ಕೇರಿಗೆ ಸರ್ವೇ ಬರ್ತದೆ, ಎಷ್ಟು ಜನ, ಎಷ್ಟು ಕೋಳಿ, ಕಕ್ಕಸು ಇದೆಯಾ ಅಂತ. ಬಿಸಿಲಲ್ಲಿ ಮನೆ ಮನೆ ಸುತ್ತಿ ಫಾರಂ ತುಂಬೋನು ಹಾಸ್ಟೆಲ್ ಹುಡುಗ. ಪುಸ್ತಕದ ಮೇಲೆ ಹೆಸರು ಇನ್ಯಾರದ್ದೋ.

ನಮ್ಮ ಪ್ರಶ್ನೆ ಯಾವುದು? ನೆಲಮಂಗಲ ಸುತ್ತ ಹೆದ್ದಾರಿ, ಲೇಔಟು, ಗೋಡೌನು. ಸರ್ಕಾರ ನಮ್ಮ ತಾತಂದಿರಿಗೆ ಮಂಜೂರು ಮಾಡಿದ ಜಮೀನು ಎಷ್ಟು ಎಕರೆ, ಇವತ್ತು ಪಹಣಿಯಲ್ಲಿ ಯಾರ ಹೆಸರು? ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರಲ್ಲೇ ಪಿಟಿಸಿಎಲ್ ಕಾಯ್ದೆ ಬಂತು. ತಡ ಮಾಡಿ ಬಂದಿರಿ ಅಂತ ಕೋರ್ಟುಗಳು ಅರ್ಜಿ ತಳ್ಳತೊಡಗಿದವು. ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ತಂದರು. ಹಾಗಾದರೆ ಊರೂರಿನ ಲೆಕ್ಕ ತೆಗೆಯೋರು ಯಾರು? ಮೇಲಿನವರು ತೆಗೀತಾರಾ? ಇದಕ್ಕೆ ಮೈಕ್ರೋಸ್ಕೋಪು ಬೇಡ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮೇ ಲ್ಯಾಬು.

ಯೂನಿವರ್ಸಿಟಿ ಇದಕ್ಕೆ ಅಂಕ ಕೊಡಲಿ, ಕನ್ನಡದಲ್ಲಿ ಬರೆಯೋಕೆ ಬಿಡಲಿ, ದಿನಗೂಲಿಯಷ್ಟಾದರೂ ದುಡ್ಡು ಕೊಡಲಿ, ಆ 75ರ ಗೇಟು ಕೀಳಲಿ. ಬೇಸಿಗೆಯಲ್ಲೂ ಹಾಸ್ಟೆಲ್ ಅಡುಗೆಮನೆ ಉರೀಬೇಕು. ಕೊಡೋವರೆಗೂ ಕಾಯೋದು ಬೇಡ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಮುಂದಿನ ಸಭೆಗೆ ಬರುವಾಗ ನಿಮ್ಮೂರಿನ ಸರ್ವೆ ನಂಬರುಗಳನ್ನು ಬರೆದು ತನ್ನಿ.