ಮಕ್ಕಳ ಕೈಗೆ ಒಂದು ಮರದ ವಿಮಾನ

ಗಲ್ಫ್‌ನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಮಕ್ಕಳಿಗೆಂದು ಒಂದು ರಿಮೋಟ್ ಆಟಿಕೆ ಇದ್ದೇ ಇರುತ್ತದೆ. ಪೆಟ್ಟಿಗೆ ಬಿಚ್ಚಿದ ದಿನ ಮನೆಯಿಡೀ ಗದ್ದಲ. ವಾರ ಕಳೆಯುವಷ್ಟರಲ್ಲಿ ಅದರ ಚಕ್ರ ಮಂಚದ ಅಡಿಯಲ್ಲಿ, ರಿಮೋಟ್ ಕಪಾಟಿನ ಮೇಲೆ. ಇದಕ್ಕಾಗಿ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಆ ಆಟಿಕೆಯಲ್ಲಿ ಗುಂಡಿ ಒತ್ತುವುದರ ಹೊರತು ಅವರಿಗೆ ಕೆಲಸವೇ ಇರಲಿಲ್ಲ. ತಾನು ದುಡಿಯದ ವಸ್ತುವಿನ ಮೇಲೆ ಯಾರಿಗೂ ಹೆಚ್ಚು ದಿನ ಪ್ರೀತಿ ಉಳಿಯದು.

ನಿಮ್ಮ ಮಗ ಅಥವಾ ಮಗಳು ಹನ್ನೆರಡು ದಾಟಿದ್ದರೆ ಬೇರೊಂದು ಉಡುಗೊರೆಯ ಬಗ್ಗೆ ಯೋಚಿಸಿರಿ. ಅದು ರೇಡಿಯೋ ನಿಯಂತ್ರಣದಿಂದ ಹಾರುವ ಮರದ ವಿಮಾನದ ಕಿಟ್. ಅದು ಹಾರುವ ಸ್ಥಿತಿಯಲ್ಲಿ ಬರುವುದಿಲ್ಲ. ತಿಂಗಳುಗಟ್ಟಲೆ ಕುಳಿತು ನೀವೇ ಕಟ್ಟಬೇಕು. ಅದರ ನಿಜವಾದ ಲಾಭ ಇರುವುದೂ ಅಲ್ಲಿಯೇ.

ಪೆಟ್ಟಿಗೆಯಲ್ಲಿ ಏನಿರುತ್ತದೆ?

ಒಂದು ದೊಡ್ಡ ನಕ್ಷೆ, ಒಂದಷ್ಟು ತೆಳುವಾದ ಹಲಗೆಗಳು ಮತ್ತು ಕಡ್ಡಿಗಳು. ಈ ಮರದ ಹೆಸರು ಬಾಲ್ಸಾ. ಹೆಚ್ಚಾಗಿ ದಕ್ಷಿಣ ಅಮೇರಿಕದ ಇಕ್ವೆಡಾರ್‌ನಿಂದ ಬರುತ್ತದೆ. ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ ಬಾಲ್ಸಾ ಸುಮಾರು 160 ಕಿಲೋ ಮಾತ್ರ. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆದು. ಆದರೆ ಸರಿಯಾಗಿ ಜೋಡಿಸಿದರೆ ಅಚ್ಚರಿಯ ಬಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಹಾರಿಸಿದ ಮೊಸ್ಕಿಟೋ ಎಂಬ ಯುದ್ಧ ವಿಮಾನದ ಒಡಲನ್ನು ಎರಡು ತೆಳು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಇಟ್ಟು ಮಾಡಲಾಗಿತ್ತು.

ಮೊದಲ ವಿಮಾನವಾಗಿ ಕಲಿಕೆಯ ಮಾದರಿಯನ್ನೇ ಆರಿಸಿರಿ. ಇದರ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರುತ್ತದೆ, ನಿಧಾನವಾಗಿ ಹಾರುತ್ತದೆ, ಓಲಾಡಿದರೂ ತಾನಾಗಿ ಸಮಸ್ಥಿತಿಗೆ ಬರಲು ನೋಡುತ್ತದೆ. ಅಮೇರಿಕದ ಅಯೋವಾ ರಾಜ್ಯದ ಸಿಗ್ ಕಂಪೆನಿ ತಯಾರಿಸಿದ ಕೆಡೆಟ್ ಎಲ್‌ಟಿ-40 ಇಂತಹ ಹೆಸರಾಂತ ಕಿಟ್. ರೆಕ್ಕೆಯ ಉದ್ದ 70 ಇಂಚು, ಅಂದರೆ ಸುಮಾರು ಆರು ಅಡಿ. ಆ ಕಂಪೆನಿಯನ್ನು ಕಟ್ಟಿ ಬೆಳೆಸಿದವರು ಗ್ಲೆನ್ ಮತ್ತು ಹೇಝಲ್ ಸಿಗಾಫೂಸ್ ದಂಪತಿ. ಆದ್ದರಿಂದ ಇದು ಹುಡುಗರ ಆಟವೆಂದು ಹೆಣ್ಣು ಮಕ್ಕಳನ್ನು ಬದಿಗೆ ಸರಿಸಬೇಡಿರಿ.

ಖರ್ಚಿನ ಬಗ್ಗೆಯೂ ಮೊದಲೇ ತಿಳಿದಿರಲಿ. ಮೋಟಾರು, ಬ್ಯಾಟರಿ, ಚಾರ್ಜರ್, ರೇಡಿಯೋ ಹಾಗೂ ರೆಕ್ಕೆ ಬಾಲಗಳನ್ನು ಅಲುಗಾಡಿಸುವ ಸರ್ವೋ ಎಂಬ ಪುಟ್ಟ ಯಂತ್ರಗಳನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕಾಗುತ್ತದೆ. ಮಕ್ಕಳಿಗೆ ಆಸಕ್ತಿ ಇದೆಯೋ ಇಲ್ಲವೋ ಎಂಬ ಸಂದೇಹವಿದ್ದರೆ ಮೊದಲು ಕೈಯಿಂದ ಎಸೆಯುವ ಚಿಕ್ಕ ಬಾಲ್ಸಾ ಗ್ಲೈಡರ್ ಮಾಡಿಸಿ ನೋಡಿರಿ.

ನಕ್ಷೆಯ ಮೇಲೆಯೇ ಕಟ್ಟಬೇಕು

ಕಿಟ್‌ನ ನಕ್ಷೆ ವಿಮಾನದಷ್ಟೇ ದೊಡ್ಡದು. ಸಮತಟ್ಟಾದ ಹಲಗೆಯ ಮೇಲೆ ಅದನ್ನು ಹರಡಿ, ಅಂಟು ತಾಗದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿರಿ. ಅದರ ಮೇಲೆ ಕಡ್ಡಿಗಳನ್ನಿಟ್ಟು ಗುಂಡುಸೂಜಿಯಿಂದ ಭದ್ರಪಡಿಸಿ ಅಂಟಿಸುತ್ತಾ ಹೋಗಬೇಕು. ರೆಕ್ಕೆಯ ಒಳಗೆ ನಮ್ಮ ಪಕ್ಕೆಲುಬುಗಳಂತೆಯೇ ಸಾಲಾಗಿ ಪಟ್ಟಿಗಳು. ಅವನ್ನೆಲ್ಲ ಹಿಡಿದಿಡುವ ಉದ್ದದ ಕಡ್ಡಿಯೇ ರೆಕ್ಕೆಯ ಬೆನ್ನೆಲುಬು.

ಇಲ್ಲಿ ಅವಸರ ಸಲ್ಲದು. ಮೇಜು ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟ. ಅಂಟು ಒಣಗುವ ಮೊದಲೇ ಸೂಜಿ ಕಿತ್ತರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಮೇಲೆ ಬಣ್ಣದ ಹಾಳೆ ಹೊದಿಸಿದ ಮೇಲೆ ನೋಡುವವರಿಗೆ ಅದು ಸುಲಭದಲ್ಲಿ ತಿಳಿಯಲಿಕ್ಕಿಲ್ಲ. ಆದರೆ ಗಾಳಿಗೆ ತಿಳಿಯುತ್ತದೆ. ಮೊದಲ ಹಾರಾಟದಲ್ಲೇ ವಿಮಾನ ಒಂದು ಬದಿಗೆ ವಾಲುತ್ತದೆ. ‘ಯಾರು ನೋಡುತ್ತಾರೆ’ ಎಂದು ಬಿಟ್ಟ ಕೆಲಸ ಎಂದಾದರೊಂದು ದಿನ ಹೊರಬರುತ್ತದೆಂಬ ಪಾಠವನ್ನು ಮಕ್ಕಳಿಗೆ ಇಷ್ಟು ಸ್ಪಷ್ಟವಾಗಿ ಕಲಿಸುವ ಆಟ ಇನ್ನೊಂದಿಲ್ಲ.

ಕೆಲವು ಎಚ್ಚರಿಕೆಗಳು. ಬ್ಲೇಡನ್ನು ದೇಹದಿಂದ ದೂರಕ್ಕೆ ಎಳೆದು ಕತ್ತರಿಸಲು ಕಲಿಸಿರಿ. ಸ್ಯಾಂಡ್ ಪೇಪರ್ ಉಜ್ಜುವಾಗ ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ, ಆದರೆ ಅದರ ಆವಿ ಕಣ್ಣು ಉರಿಸುತ್ತದೆ. ಕಿಟಕಿ ತೆರೆದಿರಲಿ. ಕಲಿಯುವವರಿಗೆ ಫೆವಿಕಾಲ್‌ನಂತಹ ಬಿಳಿ ಅಂಟೇ ಒಳ್ಳೆಯದು. ಅದು ನಿಧಾನವಾಗಿ ಒಣಗುವುದರಿಂದ ತಪ್ಪಿದ ಕಡ್ಡಿಯನ್ನು ಸರಿಪಡಿಸಲು ಸಮಯ ಸಿಗುತ್ತದೆ. ಮೋಟಾರು ಕೂರುವ ಜಾಗಕ್ಕೆ ಮಾತ್ರ ಎರಡು ಟ್ಯೂಬುಗಳಿಂದ ಬೆರೆಸುವ ಎಪಾಕ್ಸಿ ಬೇಕು. ಕೊನೆಯಲ್ಲಿ ಹೊದಿಸುವ ಪ್ಲಾಸ್ಟಿಕ್ ಹಾಳೆ ಬಿಸಿಗೆ ಕುಗ್ಗಿ ಬಿಗಿಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಹದ ಬಲ್ಲ ಉಮ್ಮನ ಸಹಾಯ ಆಗ ಬೇಕೇ ಬೇಕು.

ನಿಮ್ಮ ಪಾಲಿನ ಕೆಲಸ

ಹೆತ್ತವರು ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಮಗು ಕತ್ತರಿಸಿದ ಹಲಗೆ ನೇರವಾಗಿಲ್ಲವೆಂದು ಅದನ್ನು ಕಸಿದುಕೊಂಡು ನೀವೇ ಮಾಡಿದರೆ, ಅಂದಿನಿಂದ ಅದು ನಿಮ್ಮ ವಿಮಾನ. ಮಗು ಮೆಲ್ಲನೆ ಎದ್ದು ಟಿ.ವಿ.ಯತ್ತ ಹೋಗುತ್ತದೆ. ಹಲಗೆ ಹಿಡಿಯಿರಿ, ಅಳತೆ ಓದಿ ಹೇಳಿರಿ, ಬ್ಲೇಡಿನ ಮೇಲೆ ಕಣ್ಣಿಡಿರಿ. ತಪ್ಪಿದ್ದನ್ನು ಕೇಳಿಯೇ ತೋರಿಸಿರಿ: “ಇದನ್ನೊಮ್ಮೆ ನಕ್ಷೆಯ ಮೇಲಿಟ್ಟು ನೋಡೋಣವೇ?” ಶಾಲೆಯ ಅಂಕಗಳ ಬಗ್ಗೆ ವಿಚಾರಿಸಿದರೆ ಬಾಯಿ ಬಿಡದ ಮಕ್ಕಳು ಅಂಟು ಒಣಗುವುದನ್ನು ಕಾಯುತ್ತಾ ಎಷ್ಟೋ ವಿಷಯ ಹೇಳಿಬಿಡುತ್ತಾರೆ.

ಹಾರಿಸುವ ಮುನ್ನ

ವಿಮಾನ ಸಿದ್ಧವಾದೊಡನೆ ಮೈದಾನಕ್ಕೆ ಓಡಬೇಡಿರಿ. ತೂಕದ ಸಮತೋಲನ ನೋಡಬೇಕು. ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ ರೆಕ್ಕೆಯ ಅಡಿಗೆ ಎರಡೂ ಕಡೆ ಬೆರಳಿಟ್ಟು ಎತ್ತಿದರೆ ವಿಮಾನ ಸಮವಾಗಿ ನಿಲ್ಲಬೇಕು. ಸಾಮಾನ್ಯವಾಗಿ ಈ ಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಇರುತ್ತದೆ. ಮೂಗು ಭಾರವಾದ ವಿಮಾನ ಚೆನ್ನಾಗಿ ಹಾರುವುದಿಲ್ಲ, ಬಾಲ ಭಾರವಾದ ವಿಮಾನ ಒಮ್ಮೆ ಮಾತ್ರ ಹಾರುತ್ತದೆ ಎಂಬುದು ಹವ್ಯಾಸಿಗಳ ಅನುಭವದ ಮಾತು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಇದನ್ನು ಸರಿಪಡಿಸಬಹುದು.

ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಅದರದೇ ಚಾರ್ಜರ್‌ನಲ್ಲಿ, ಕಣ್ಣೆದುರಿಗೇ ಚಾರ್ಜ್ ಮಾಡಿರಿ. ರಾತ್ರಿ ಹಾಕಿ ಮಲಗಬೇಡಿರಿ. ಉಬ್ಬಿದ ಬ್ಯಾಟರಿಯನ್ನು ಬಳಸಲೇಬೇಡಿರಿ, ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ.

ಹಾರಿಸಲು ಕಲಿಯುವುದು ಕಟ್ಟುವುದಕ್ಕಿಂತಲೂ ಕಷ್ಟ. ವಿಮಾನ ನಮ್ಮಿಂದ ದೂರ ಹೋಗುವಾಗ ಬಲವೆಂದರೆ ಬಲ. ಅದು ನಮ್ಮ ಕಡೆಗೆ ತಿರುಗಿ ಬರುವಾಗ ನಮ್ಮ ಕಣ್ಣಿಗೆ ಎಲ್ಲವೂ ಅದಲು ಬದಲು. ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿಸಿರಿ. ನಂತರ ಬಲ್ಲವರೊಬ್ಬರ ಜೊತೆ ಹಾರಿಸಿರಿ. ಎರಡು ರಿಮೋಟ್‌ಗಳನ್ನು ಜೋಡಿಸಿ, ಕಲಿಯುವವ ತಪ್ಪಿದಾಗ ಕಲಿಸುವವ ನಿಯಂತ್ರಣ ಪಡೆಯುವ ವ್ಯವಸ್ಥೆಯೂ ಇದೆ. ಎನ್‌ಸಿಸಿಯ ಏರ್ ವಿಂಗ್‌ನಲ್ಲಿ ಮಾದರಿ ವಿಮಾನದ ತರಬೇತಿ ಇರುವುದರಿಂದ ಅಲ್ಲಿ ಕಲಿತವರನ್ನು ವಿಚಾರಿಸಬಹುದು. ಜನರಿರುವ ಕಡೆ, ವಿದ್ಯುತ್ ತಂತಿಗಳ ಬಳಿ ಹಾರಿಸಬಾರದು. 2021ರ ಡ್ರೋನ್ ನಿಯಮಗಳು ಇಂತಹ ಮಾದರಿ ವಿಮಾನಗಳನ್ನೂ ಒಳಗೊಳ್ಳುತ್ತವೆ. ಸರಕಾರದ ವಾಯುಪ್ರದೇಶ ನಕ್ಷೆಯಲ್ಲಿ ನಿಮ್ಮ ಜಾಗ ನೋಡಿಕೊಳ್ಳಿರಿ. ವಿಮಾನ ನಿಲ್ದಾಣದ ಹತ್ತಿರವಂತೂ ಬೇಡವೇ ಬೇಡ.

ಬಿದ್ದರೆ?

ಬಿದ್ದೇ ಬೀಳುತ್ತದೆ. ಮೂರು ತಿಂಗಳ ಶ್ರಮ ಹತ್ತು ಸೆಕೆಂಡಿನಲ್ಲಿ ನೆಲಕ್ಕಪ್ಪಳಿಸಬಹುದು. ಆ ಗಳಿಗೆಯಲ್ಲಿ ಮಗು ಮೊದಲು ನೋಡುವುದು ವಿಮಾನವನ್ನಲ್ಲ, ನಿಮ್ಮ ಮುಖವನ್ನು. “ಎಷ್ಟು ದುಡ್ಡು ಹೋಯಿತು!” ಎಂದಿರೋ, ಆ ಹವ್ಯಾಸ ಅಲ್ಲಿಗೇ ಮುಗಿಯಿತು. ಜೊತೆಗೆ ತಪ್ಪನ್ನು ನಿಮ್ಮಲ್ಲಿ ಹೇಳಿಕೊಳ್ಳುವ ಧೈರ್ಯವೂ ಹೋಯಿತು. ಅದರ ಬದಲು ಇಬ್ಬರೂ ಸೇರಿ ಹುಲ್ಲಿನಲ್ಲಿ ಬಿದ್ದ ಚೂರುಗಳನ್ನು ಒಂದೂ ಬಿಡದೆ ಚೀಲಕ್ಕೆ ತುಂಬಿರಿ. ಮನೆಯಲ್ಲಿ ನಕ್ಷೆಯ ಮೇಲೆ ಹರಡಿ ನೋಡಿರಿ. ಮುರಿದ ಪ್ಲಾಸ್ಟಿಕ್ ಆಟಿಕೆ ಹೆಚ್ಚಾಗಿ ಕಸದ ಬುಟ್ಟಿಗೇ ಹೋಗುತ್ತದೆ. ಮರ ಹಾಗಲ್ಲ. ಮುರಿದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಹೊಸ ತುಂಡು ಅಂಟಿಸಿದರೆ ಆ ಜೋಡಣೆ ಚೆನ್ನಾಗಿಯೇ ತಡೆದುಕೊಳ್ಳುತ್ತದೆ.

ತಾನೇ ಕಟ್ಟಿದ್ದನ್ನು ತಾನೇ ದುರಸ್ತಿ ಮಾಡಬಲ್ಲೆನೆಂಬ ಭರವಸೆ ಒಮ್ಮೆ ಮೂಡಿದರೆ ಅದು ವಿಮಾನಕ್ಕಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಮುಂದಿನ ರಜೆಗೆ ಏನು ಕೊಡಿಸಲಿ ಎಂದು ಯೋಚಿಸುವಾಗ ಆ ಉಡುಗೊರೆಯ ಜೊತೆ ಕುಳಿತುಕೊಳ್ಳಲು ನಿಮ್ಮಲ್ಲಿ ಎಷ್ಟು ಸಂಜೆಗಳಿವೆ ಎಂಬುದನ್ನೂ ಲೆಕ್ಕ ಹಾಕಿರಿ.