ಕೋಟು ತೊಟ್ಟವರ ಪ್ರೇಮಸಂಕಟ

ಶ್ರೀಮಂತರ ಮಕ್ಕಳು ಪ್ರೀತಿಯಲ್ಲಿ ಬಿದ್ದು ಒದ್ದಾಡಿದರೆ ನಮಗೇನು? ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ಹೊಟ್ಟೆಬಟ್ಟೆಯ ಚಿಂತೆಯಿಲ್ಲ, ಸಾಲದವರ ಕಾಟವಿಲ್ಲ. ಅಡ್ಡಿಯೇ ಇಲ್ಲದ ಪ್ರೇಮಕ್ಕೆ ಕಥೆ ಎಲ್ಲಿಂದ ಬರಬೇಕು? ಅಮೆರಿಕದ ನಿರ್ದೇಶಕ ವಿಟ್ ಸ್ಟಿಲ್ಮನ್ ತಮ್ಮ ಮೊದಲ ಚಿತ್ರ 'ಮೆಟ್ರೋಪಾಲಿಟನ್'ನಲ್ಲಿ (1990) ಕೊಟ್ಟ ಉತ್ತರ ಸರಳ: ಪ್ರೇಮಿಗೆ ಅವನ ಮಾತೇ ಅಡ್ಡಿ.

ಕಥೆ ನಡೆಯುವುದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ. ಹಳೆಯ ಸಿರಿವಂತ ಮನೆತನಗಳು ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳನ್ನು ತಮ್ಮ ವಲಯಕ್ಕೆ ಪರಿಚಯಿಸಲು ಏರ್ಪಡಿಸುವ ನೃತ್ಯಕೂಟಗಳ ಕಾಲ ಅದು. ಜೊತೆಗೆ ಹೋಗುವ ಹುಡುಗರಿಗೆ ಕೊರತೆ. ಹಾಗಾಗಿ ಟಾಮ್ ಎಂಬ ಹೊರಗಿನವನಿಗೂ ಈ ಮನೆತನಗಳ ಹುಡುಗ ಹುಡುಗಿಯರ ಗುಂಪಿನಲ್ಲಿ ಜಾಗ ಸಿಗುತ್ತದೆ. ಅವನ ಔತಣದ ಸೂಟು ಬಾಡಿಗೆಯದು. ಚಳಿಗಾಲದಲ್ಲೂ ಮೈಮೇಲಿರುವುದು ಮಳೆಕೋಟು. ಒಳಗೆ ಬೆಚ್ಚನೆಯ ಲೈನಿಂಗ್ ಇದೆ ಎಂಬುದು ಅವನ ಸಮಜಾಯಿಷಿ. ಅವನ ಕೈ ಬಿಗಿಯಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೋಟು ಹೇಳುತ್ತದೆ.

ಗುಂಪಿನಲ್ಲಿ ಟಾಮ್‌ನನ್ನು ಮೆಚ್ಚಿದ ಆಡ್ರೇಗೆ ಜೇನ್ ಆಸ್ಟಿನ್ ಎಂದರೆ ಪ್ರಾಣ. ಟಾಮ್ ಆಸ್ಟಿನ್ ಕಾದಂಬರಿಯನ್ನು ಧಾರಾಳವಾಗಿ ಟೀಕಿಸುತ್ತಾನೆ, ಆದರೆ ಓದಿಲ್ಲ. ತಾನು ಕಾದಂಬರಿಗಳನ್ನೇ ಓದುವುದಿಲ್ಲ, ಒಳ್ಳೆಯ ವಿಮರ್ಶೆ ಓದಿದರೆ ಲೇಖಕರ ವಿಚಾರವೂ ವಿಮರ್ಶಕರ ವಿಚಾರವೂ ಒಟ್ಟಿಗೇ ಸಿಗುತ್ತವೆ ಎಂಬುದು ಅವನ ಲೆಕ್ಕ. ಜೋಕ್ ಹೇಳುತ್ತಿದ್ದೇನೆಂಬ ಅರಿವು ಅವನಿಗಿಲ್ಲ, ನಗು ಹುಟ್ಟುವುದೇ ಅಲ್ಲಿ. ಪುಸ್ತಕವನ್ನು ಓದದೆಯೇ ತೀರ್ಪು ಕೊಡುವವನು ಎದುರಿಗೆ ಕೂತ ಹುಡುಗಿಯ ಮನಸ್ಸನ್ನೂ ಓದಲಾರ.

ಇನ್ನೊಂದು ದೃಶ್ಯದಲ್ಲಿ ಗುಂಪು 'ಸತ್ಯ ಹೇಳುವ ಆಟ'ಕ್ಕೆ ಕೂರುತ್ತದೆ. ಕೇಳಿದ್ದಕ್ಕೆಲ್ಲ ಸರದಿ ಬಂದವರು ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. ಆಡ್ರೇ ಒಬ್ಬಳೇ ಬೇಡವೆನ್ನುತ್ತಾಳೆ. ಉಳಿದವರಿಗೆ ಅದು ಮಡಿವಂತಿಕೆಯಂತೆ ಕಾಣುತ್ತದೆ. ಟಾಮ್‌ನ ಸರದಿ ಬಂದಾಗ ಅವನ ಮನಸ್ಸು ಇನ್ನೂ ಹಳೆಯ ಗೆಳತಿ ಸೆರೀನಾಳ ಬಳಿಯೇ ಇದೆ ಎಂಬುದು ಆಡ್ರೇಯ ಎದುರೇ ಹೊರಬೀಳುತ್ತದೆ. ಶಿಷ್ಟಾಚಾರ ಬರೀ ಬೂಟಾಟಿಕೆ ಎಂಬ ನಮ್ಮ ಸುಲಭ ನಂಬಿಕೆಯನ್ನು ಚಿತ್ರ ಅಲುಗಾಡಿಸುತ್ತದೆ. ಕೆಲವು ಕಟ್ಟಳೆಗಳು ಇರುವುದು ಇನ್ನೊಬ್ಬರ ಮನಸ್ಸು ನೋಯದಿರಲಿ ಎಂದೇ.

ಇಷ್ಟು ಸಿರಿವಂತರ ಕಥೆಯನ್ನು ಸ್ಟಿಲ್ಮನ್ ತೆಗೆದದ್ದು ಸುಮಾರು 2.25 ಲಕ್ಷ ಡಾಲರಿನಲ್ಲಿ, ಅದಕ್ಕಾಗಿ ತಮ್ಮ ಅಪಾರ್ಟ್‌ಮೆಂಟ್ ಮಾರಿ. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಹಣ. ನಟನಟಿಯರು ಹೆಚ್ಚಾಗಿ ಹೊಸಬರು. ಅದ್ದೂರಿ ನೃತ್ಯಕೂಟ ತೋರಿಸಲು ಕಾಸಿಲ್ಲದಿದ್ದರೆ ಕೂಟ ಮುಗಿದ ಮೇಲಿನ ಹರಟೆ ತೋರಿಸಬಹುದು. ಅದಕ್ಕೆ ಒಂದು ಸೋಫಾ, ನಾಲ್ಕು ಜನ ಸಾಕು. ಉಳಿದ ಭಾರವನ್ನು ಹೊತ್ತದ್ದು ಸಂಭಾಷಣೆ. ಆ ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ಸ್ಟಿಲ್ಮನ್ ಈ ಹುಡುಗರನ್ನು ಹೊಗಳುವುದಿಲ್ಲ, ಹಳಿಯುವುದೂ ಇಲ್ಲ. ತಮ್ಮ ವರ್ಗದ ಕಾಲ ಮುಗಿಯಿತು, ಅವನತಿ ಖಚಿತ ಎಂದು ಗುಂಪಿನ ಚಾರ್ಲಿ ಸಿದ್ಧಾಂತ ಕಟ್ಟುತ್ತಾನೆ. ಬಾರಿನಲ್ಲಿ ಸಿಕ್ಕ ಅದೇ ವರ್ಗದ ಹಿರಿಯರೊಬ್ಬರು ಒಪ್ಪುವುದಿಲ್ಲ: ತಾನು ಸೋತದ್ದು ನಿಜ, ಆದರೆ ಅದಕ್ಕೆ ವಿಧಿಯನ್ನು ದೂರುವಂತಿಲ್ಲ. ಸೋಲಿಗೂ ಒಂದು ಭವ್ಯ ಕಾರಣ ಬೇಕೆನ್ನುವ ಹುಡುಗರಿಗೆ ಇದಕ್ಕಿಂತ ದೊಡ್ಡ ಏಟಿಲ್ಲ.

ಕೊನೆಗೆ ಟಾಮ್ ಮತ್ತು ಚಾರ್ಲಿ ಆಡ್ರೇಯನ್ನು ಹುಡುಕಿಕೊಂಡು ಟ್ಯಾಕ್ಸಿಯಲ್ಲಿ ಲಾಂಗ್ ಐಲೆಂಡಿನ ಕಡಲತೀರದವರೆಗೂ ಹೋಗುತ್ತಾರೆ. ಹೋದ ರೀತಿ ಹಾಸ್ಯಾಸ್ಪದ, ಉದ್ದೇಶ ಪ್ರಾಮಾಣಿಕ. ಚಿತ್ರದುದ್ದಕ್ಕೂ ವಾದಿಸಿದವರು ಮೊದಲ ಬಾರಿಗೆ ಏನಾದರೂ ಮಾಡುತ್ತಾರೆ.

2016ರಲ್ಲಿ ಸ್ಟಿಲ್ಮನ್ ಆಸ್ಟಿನ್‌ರ 'ಲೇಡಿ ಸೂಸನ್' ಕಥೆಯನ್ನೇ 'ಲವ್ ಆಂಡ್ ಫ್ರೆಂಡ್‌ಶಿಪ್' ಚಿತ್ರವಾಗಿಸಿದರು. ಎರಡನ್ನೂ ನೋಡಬೇಕೆನ್ನುವವರು 'ಮೆಟ್ರೋಪಾಲಿಟನ್'ನಿಂದ ಶುರುಮಾಡುವುದು ಲೇಸು. ಮೊದಲರ್ಧ ಗಂಟೆ ನಗು ಬಾರದಿದ್ದರೆ ಗಾಬರಿ ಬೇಡ. ಅಷ್ಟರಲ್ಲಿ ಯಾರು ಯಾರಿಗೆ ಏನನ್ನು ಹೇಳದೆ ಉಳಿಸಿದ್ದಾರೆಂದು ತಿಳಿದಿರುತ್ತದೆ. ಆಮೇಲಿನ ಪ್ರತಿ ಮಾತಿಗೂ ನಗು ತಾನಾಗಿ ಬರುತ್ತದೆ.